ನಲವತ್ತೈದನೆಯ ಗುಟುಕು

ಬೆಳಗಿನ ಏಳು ಗಂಟೆ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಹನ್ನೊಂದು ಹೃದಯಗಳು ಒಟ್ಟಿಗೆ ಹಸಿದವು. ಹನ್ನೊಂದರಲ್ಲಿ ಒಂದೂ ಅಳಲಿಲ್ಲ.

ಅದನ್ನು ಮೊದಲು ಕಂಡವಳು ಡಾಕ್ಟರ್ ಮುಕ್ತಾ ಹೊಸಕೇರಿ. ಬೆಟ್ಟದಿಂದ ಸಾಕಷ್ಟು ದೂರದಲ್ಲಿದ್ದ ಸಂಶೋಧನಾಲಯದ ನಿಗಾ ಕೋಣೆಯಲ್ಲಿ ಆಕೆ ಚಹಾ ಕುಡಿಯುತ್ತ ಕೂತಿದ್ದಳು. ಎದುರಿನ ಗೋಡೆಯ ತುಂಬ ಪರದೆ, ಪರದೆಯ ತುಂಬ ನೂರಿಪ್ಪತ್ತು ಜನರ ಎದೆ. ಒಬ್ಬೊಬ್ಬರಿಗೂ ಎರಡು ಗೆರೆ, ಒಂದು ಕೆಂಪು, ಒಂದು ನೀಲಿ. ಕೆಂಪು ಗೆರೆ ಹಸಿವಿನದು. ಅನ್ನದ ಹಸಿವಲ್ಲ, ರಕ್ತದ ಹಸಿವು. ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಬರದೆ ಹೋದರೆ ಕೆಂಪು ಗೆರೆ ಏರುತ್ತದೆ. ಅದನ್ನು ಅಳೆಯುವುದು ಎಡ ಎದೆಗೆ ಅಂಟಿಸಿದ ಒಂದು ಬಿಲ್ಲೆ. ಅದಕ್ಕೆ ಎದೆಗಾವಲು ಎಂದು ಹೆಸರು. ನೀಲಿ ಗೆರೆ ನೋವಿನದು. ಅದನ್ನು ಯಾವ ಯಂತ್ರವೂ ಅಳೆಯುವುದಿಲ್ಲ, ಎದೆ ನೋವಾದಾಗ ರೋಗಿಯೇ ಬಿಲ್ಲೆಯನ್ನು ಬೆರಳಿನಿಂದ ಒತ್ತಬೇಕು. ಎರಡು ಸಾವಿರದ ನಲವತ್ತೊಂದನೆಯ ಇಸವಿಯಲ್ಲೂ ನೋವು ಎಷ್ಟು ಎಂದು ತಿಳಿಯಬೇಕಾದರೆ ನೋಯುವವನನ್ನೇ ಕೇಳಬೇಕಾಗಿತ್ತು.

ಸಾಮಾನ್ಯವಾಗಿ ಕೆಂಪು ಏರಿದರೆ ಹಿಂದೆಯೇ ನೀಲಿಯೂ ಏರುತ್ತದೆ. ಇವತ್ತು ಹನ್ನೊಂದು ಕೆಂಪು ಗೆರೆಗಳು ನೆಟ್ಟಗೆ ನಿಂತಿದ್ದವು. ನೀಲಿ ಗೆರೆಗಳು ಮಲಗಿದ್ದವು.

"ಯೂಫೆನ್, ಇಲ್ಲಿ ನೋಡಿ" ಎಂದಳು ಮುಕ್ತಾ.

ಪಕ್ಕದ ಮೇಜಿನಿಂದ ಡಾಕ್ಟರ್ ಲಿನ್ ಯೂಫೆನ್ ಎದ್ದು ಬಂದಳು. ಐವತ್ತರ ಆಸುಪಾಸಿನ, ಸಣ್ಣ ಕಾಲಿನ, ದೊಡ್ಡ ಕನ್ನಡಕದ ಹೆಂಗಸು. ಪರೀಕ್ಷೆಗೆ ಒಳಗಾಗಿದ್ದ ಗುಳಿಗೆ ಆಕೆಯ ದೇಶದ್ದು. ಚೀನಾದಲ್ಲಿ ಅಜ್ಜಂದಿರ ಕಾಲದಿಂದ ಎದೆನೋವಿಗೆ ಕೊಡುತ್ತ ಬಂದಿದ್ದ ಮೂರು ಮೂಲಿಕೆಗಳ ಮದ್ದು ಅದು: ಒಂದು ಕೆಂಪು ಬೇರು, ಒಂದು ಗಂಟುಬೇರು, ಜೊತೆಗೆ ನಮ್ಮ ಪಚ್ಚಕರ್ಪೂರದ ದಾಯಾದಿಯಂಥ ಒಂದು ಹರಳು. ಸಾಸಿವೆಗಿಂತ ತುಸು ದಪ್ಪನೆಯ ಹತ್ತು ಕಾಳು, ದಿನಕ್ಕೊಮ್ಮೆ, ನಾಲಿಗೆಯ ಕೆಳಗೆ. ಗುಣವಾಯಿತು ಎನ್ನುವವರು ಲಕ್ಷಗಟ್ಟಲೆ. ಪುರಾವೆ ಎಲ್ಲಿ ಎಂದರೆ ಮಾತ್ರ ತಡವರಿಕೆ.

"ನಮ್ಮಲ್ಲಿ ನೂರು ಅಧ್ಯಯನ ಆಗಿವೆ" ಎಂದು ಯೂಫೆನ್ ಬಂದ ಮೊದಲ ದಿನವೇ ಹೇಳಿದ್ದಳು. "ನೂರೂ ಒಳ್ಳೆಯದು ಅನ್ನುತ್ತವೆ. ಅದಕ್ಕೇ ನನಗೆ ಹೆದರಿಕೆ."

ಹೆದರಿಕೆಗೆ ಕಾರಣವಿತ್ತು. ಆ ನೂರರಲ್ಲಿ ಬಹಳಷ್ಟು ಸಣ್ಣವು, ಅವಸರದವು. ಖರೆ ಗುಳಿಗೆ ಯಾರಿಗೆ ಕೊಟ್ಟಿದ್ದೇವೆ ಎಂದು ಕೊಟ್ಟವರಿಗೂ ತಿಂದವರಿಗೂ ಗೊತ್ತಿದ್ದಂಥವು. ಹುಬ್ಬಳ್ಳಿಯಲ್ಲಿ ಹಾಗಾಗಬಾರದೆಂದೇ ಅರ್ಧ ಜನರಿಗೆ ಖರೆ ಗುಳಿಗೆ, ಅರ್ಧ ಜನರಿಗೆ ಅದೇ ಬಣ್ಣ ಅದೇ ವಾಸನೆಯ ಸುಳ್ಳು ಗುಳಿಗೆ. ಯಾರಿಗೆ ಯಾವುದೆಂದು ಚೀಟಿ ಎತ್ತಿದ್ದು ಯಂತ್ರ, ಆ ಪಟ್ಟಿಗೆ ಮೊಹರು. ಮೊಹರು ಒಡೆಯಲು ಇನ್ನು ಹತ್ತೇ ದಿನ ಉಳಿದಿತ್ತು.

ಯೂಫೆನ್ ಪರದೆಯ ಹತ್ತಿರ ಹೋದಳು. "ಎಲ್ಲರೂ ಒಂದೇ ಕಡೆಯವರು?"

"ಹೌದು. ರೈಲ್ವೆ ಕಾಲನಿಯವರು. ನಮ್ಮಪ್ಪನ ದೋಸ್ತರು."

ಆ ಕಾಲನಿಯ ನಲವತ್ನಾಲ್ಕು ಜನ ಪರೀಕ್ಷೆಯಲ್ಲಿದ್ದರು. ಎಲ್ಲರೂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮುಕ್ತಾ ಅವರಲ್ಲಿ ಹಿರಿಯನಾದ ಹುಸೇನಸಾಬ ನದಾಫನಿಗೆ ಫೋನು ಹಚ್ಚಿದಳು.

"ಕಾಕಾ, ಎಲ್ಲಿದ್ದೀರಿ?"

"ಬೆಟ್ಟದ ಮ್ಯಾಲ ಅದೇವವಾ! ಮಸ್ತ್ ಗಾಳಿ ಐತಿ."

"ಎದಿ ನೋಯಾಕತ್ತೈತೇನು? ಬಿಗಿದಂಗ? ಭಾರ ಇಟ್ಟಂಗ?"

"ಎಲ್ಲೀದು? ಆರು ತಿಂಗಳ ಹಿಂದ ಸಂಡಾಸಕ್ಕ ಹೋಗಬೇಕಂದ್ರ ಎರಡ ಕಡೆ ಕುಂದರ್ತಿದ್ದೆ. ಈಗ ನೋಡು, ಬೆಟ್ಟ ಹತ್ತೇನಿ. ನಿನ್ನ ಗುಳಗಿ ಬಂಗಾರ ಐತಿ, ಮಗಳ."

"ಕಾಕಾ, ಕುಂದರ್ರಿ. ಎಲ್ಲಾರೂ ಅಲ್ಲೇ ಕುಂದರ್ರಿ. ಆಮ್ಯಾಲ ಸಾವಕಾಶ ಇಳೀರಿ. ನಾ ಹೇಳೂತನಕ ಯಾರೂ ಬೆಟ್ಟ ಹತ್ತಬ್ಯಾಡ್ರಿ."

ಹತ್ತು ನಿಮಿಷದಲ್ಲಿ ಕೆಂಪು ಗೆರೆಗಳು ಇಳಿದವು. ಮುಕ್ತಾಳ ಚಹಾ ಆರಿತ್ತು. ನೋವೆಂದರೆ ಎದೆಯ ಬಾಗಿಲಲ್ಲಿ ಕೂತ ಕಾವಲುಗಾರ. ಅವನೇ ಮಲಗಿಬಿಟ್ಟರೆ ಕಳ್ಳ ಒಳಗೆ ಬಂದದ್ದು ಮನೆಯವರಿಗೆ ತಿಳಿಯುವ ಬಗೆ ಹೇಗೆ? ಆದರೆ ಅರ್ಧ ಜನ ತಿನ್ನುತ್ತಿರುವುದು ಸುಳ್ಳು ಗುಳಿಗೆ. ಹನ್ನೊಂದರಲ್ಲಿ ಐದಾರು ಕಾವಲುಗಾರರಾದರೂ ಎಚ್ಚರ ಇರಬೇಕಿತ್ತಲ್ಲ!

"ರಕ್ತ ನೋಡೋಣ" ಎಂದಳು ಯೂಫೆನ್. ಮಧ್ಯಾಹ್ನದೊಳಗೆ ನರ್ಸು ಕಾಲನಿಗೆ ಹೋಗಿ ನಲವತ್ನಾಲ್ಕು ಜನರ ಬೆರಳ ತುದಿಯಿಂದ ಒಂದೊಂದು ಹನಿ ತಂದಳು. ಕೆಂಪು ಬೇರಿನ ಸತ್ವ ಯಾರ ರಕ್ತದಲ್ಲಿ ಎಷ್ಟಿದೆ ಎಂದು ಯಂತ್ರ ನಾಳೆ ಬೆಳಗ್ಗೆ ಹೇಳಲಿತ್ತು.

*

ಸಂಜೆ ಮುಕ್ತಾ ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತು ಮಿಕ್ಸಿ ಬಿಚ್ಚಿ ಹರವಿಕೊಂಡಿದ್ದ. ಫಕೀರಪ್ಪ ಹೊಸಕೇರಿಗೆ ಎಪ್ಪತ್ತೊಂದು ವರ್ಷ. ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಫಿಟ್ಟರ್, ಅದರಲ್ಲಿ ಇಪ್ಪತ್ತು ವರ್ಷ ಯೂನಿಯನ್ನಿನ ಮುಂದಾಳು. ಎರಡು ಬೆರಳು ಬಾಯಲ್ಲಿಟ್ಟು ಆತ ಉದ್ದಕ್ಕೆ ಶಿಳ್ಳೆ ಹೊಡೆದರೆ ಇಡೀ ಶೆಡ್ಡು ಕೈಯಲ್ಲಿದ್ದ ಸುತ್ತಿಗೆ ಕೆಳಗಿಡುತ್ತಿತ್ತು. ಗಿಡ್ಡಗೆ ಹೊಡೆದರೆ ಮತ್ತೆ ಎತ್ತಿಕೊಳ್ಳುತ್ತಿತ್ತು. ಸಾಹೇಬರ ಸೈರನ್ನಿಗೆ ಇಲ್ಲದ ಬೆಲೆ ಆ ಶಿಳ್ಳೆಗಿತ್ತೆಂದು ಈಗಲೂ ಹೇಳುತ್ತಾರೆ.

ಎದೆನೋವು ಆತನಿಗೂ ಇತ್ತು. ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ, ರಕ್ತನಾಳಕ್ಕೆ ನಳಿಕೆ ಹಾಕಿ ನೋಡೋಣ ಎಂದ ಡಾಕ್ಟರಿಗೆ "ನಾ ಏನು ಬಾಯ್ಲರ್ ಏನ್ರಿ?" ಎಂದು ಕೇಳಿ ಎದ್ದು ಬಂದಿದ್ದ. ಗುಳಿಗೆಯ ಪರೀಕ್ಷೆ ಶುರುವಾದಾಗ ಎಲ್ಲರಿಗಿಂತ ಮುಂಚೆ ಹೆಸರು ಹಚ್ಚಲು ಬಂದವನೂ ಅವನೇ. ಆದರೆ ಪರೀಕ್ಷೆ ನಡೆಸುವವರ ರಕ್ತಸಂಬಂಧಿಗಳು ಸೇರುವಂತಿರಲಿಲ್ಲ. "ಊರ ಮಂದಿಗೆಲ್ಲಾ ಮದ್ದು, ಹಡದಪ್ಪಗ ಇಲ್ಲ. ಭಾಳ ಚಲೋ ಶಾಣ್ಯಾಕಿ ಆದಿ" ಎಂದು ಎರಡು ದಿನ ಮಾತು ಬಿಟ್ಟಿದ್ದ.

"ಬಾರವಾ ಡಾಕ್ಟರಮ್ಮಾ" ಎಂದ ಈಗ. "ನಮ್ಮ ಹುಡುಗರ ಬೆಳ್ಳಾಗಿಂದ ರಕ್ತ ಹೀರಿಸೀದಿಯಂತ? ಹುಸೇನ್ಯಾ ಅಳಾಕತ್ತಿದ್ದ."

ಹುಡುಗರೆಂದರೆ ಎಲ್ಲ ಎಪ್ಪತ್ತರ ಆಚೀಚಿನವರು. ಮುಕ್ತಾ ನಗಲಿಲ್ಲ. "ಅಪ್ಪಾ, ಬೆಟ್ಟಕ್ಕ ನೀನೂ ಹೋಗಿದ್ದೇನು?"

"ನಾ ಹೋಗದ ಅವರ್ಯಾರು ಹೋಗ್ತಾರ?"

"ಎದಿ ನೋವು?"

ಉತ್ತರ ಅಡುಗೆಮನೆಯಿಂದ ಬಂತು. ರೊಟ್ಟಿ ಬಡಿಯುತ್ತಿದ್ದ ಅವ್ವ, ಶಾಂತವ್ವ, ಕೈ ನಿಲ್ಲಿಸದೆ ಹೇಳಿದಳು: "ನಾಕು ತಿಂಗಳಾತು ನೋಡು, ನೋವು ಬಂದಾಗ ಅಂತ ಡಾಕ್ಟರು ಬರಕೊಟ್ಟ ನಾಲಿಗಿ ಕೆಳಗ ಇಟ್ಕೊಳ್ಳೋ ಗುಳಗಿ ಡಬ್ಬಿ ಮುಟ್ಟಿಲ್ಲ. ದಿನಾ ಅಡ್ಡಾಡಿದ್ದಕ್ಕ ಕಮ್ಮಿ ಆತು. ನಾ ಸಿದ್ಧಾರೂಢರಿಗೆ ಕಾಯಿ ಒಡಸಿ ಬಂದೇನಿ."

ಅಪ್ಪ ಮಗಳನ್ನು ಹತ್ತಿರ ಕರೆದು ಮಿಕ್ಸಿಯ ಒಂದು ತಿರುಪು ಹಿಡಿಯಲು ಕೊಟ್ಟ. ಬಗ್ಗಿದಾಗ ಅವನ ಅಂಗಿಯಿಂದ ಸಣ್ಣಗೆ ಪಚ್ಚಕರ್ಪೂರದ ವಾಸನೆ ಬಂತು. ಮಠದ ತೀರ್ಥ ಇರಬೇಕೆಂದುಕೊಂಡಳು ಮುಕ್ತಾ. ಬೇರೆ ಏನನ್ನೂ ಯೋಚಿಸಲಿಲ್ಲ. ಆ ಸಂಜೆಯನ್ನು ನೆನೆದಾಗೆಲ್ಲ ಆಕೆಗೆ ಇವತ್ತಿಗೂ ತನ್ನ ಮೇಲೆ ಸಿಟ್ಟು ಬರುತ್ತದೆ.

*

ಮರುದಿನ ಬೆಳಗ್ಗೆ ಆರೂಮುಕ್ಕಾಲಿಗೆ ಫಲಿತಾಂಶ ಬಂತು. ಯೂಫೆನ್ ಅದನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದಳು.

"ನಲವತ್ನಾಲ್ಕೂ ಜನರ ರಕ್ತದಲ್ಲಿ ಮದ್ದು ಇದೆ" ಎಂದಳು.

"ಸಾಧ್ಯವಿಲ್ಲ. ಅರ್ಧ ಜನಕ್ಕೆ ಸುಳ್ಳು ಗುಳಿಗೆ."

"ಡಬ್ಬಿ ತುಂಬಿದ ಕಡೆ ತಪ್ಪಾಗಿರಬಹುದು. ಎಲ್ಲರಿಗೂ ಖರೆ ಹೋಗಿರಬಹುದು."

ಮುಕ್ತಾ ಅಂಕಿಗಳ ಮೇಲೆ ಬೆರಳಾಡಿಸಿದಳು. ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ಖರೆ ಗುಳಿಗೆ ತಿಂದವನಲ್ಲಿ ಇರಬೇಕಾದದ್ದರ ಅರ್ಧ. ಕಾರ್ಖಾನೆ ತಪ್ಪು ಮಾಡಿದರೆ ಪೂರ್ತಿ ಬರುತ್ತದೆ, ಇಲ್ಲವೇ ಸೊನ್ನೆ ಬರುತ್ತದೆ. ಅರ್ಧ ಎಲ್ಲಿಂದ ಬಂತು? ಕಾಲನಿಯವರ ಡಬ್ಬಿಗಳು ದಿನವೂ ಹೊತ್ತಿಗೆ ಸರಿಯಾಗಿ ತೆರೆದಿದ್ದವು. ಮುಚ್ಚಳ ತೆರೆದದ್ದನ್ನು ಡಬ್ಬಿಯೇ ವರದಿ ಮಾಡುತ್ತಿತ್ತು. ಐದು ತಿಂಗಳಲ್ಲಿ ಒಂದು ದಿನವೂ ತಪ್ಪಿಸದ ಜನ ಎಂದು ಆಕೆ ಅವರನ್ನು ಸಭೆಯಲ್ಲಿ ಹೊಗಳಿಯೂ ಇದ್ದಳು. ನಲವತ್ನಾಲ್ಕು ಡಬ್ಬಿಗಳೂ ಒಂದೇ ನಿಮಿಷಕ್ಕೆ ತೆರೆಯುತ್ತಿದ್ದವು. ಅದು ಶಿಸ್ತು ಅಂದುಕೊಂಡಿದ್ದಳು.

ಆಗ ಐದು ತಿಂಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಕಾಲನಿಯ ಸಮುದಾಯ ಭವನ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಎಲ್ಲವನ್ನೂ ಬಿಡಿಸಿ ಹೇಳಬೇಕೆಂಬ ನಿಯಮವಿತ್ತು. ಮುಕ್ತಾ ಎರಡೂ ಮುಷ್ಟಿ ಮುಂದೆ ಚಾಚಿ, "ಈ ಕೈಯಾಗ ಖರೇ ಗುಳಗಿ, ಈ ಕೈಯಾಗ ಸುಳ್ಳ ಗುಳಗಿ. ನಿಮ್ಮಾಗ ಅರ್ಧ ಮಂದಿಗೆ ಇದು, ಅರ್ಧ ಮಂದಿಗೆ ಅದು" ಎಂದಿದ್ದಳು. ಹಿಂದಿನ ಸಾಲಿನಿಂದ ಎದ್ದು ನಿಂತವನು ಪರೀಕ್ಷೆಗೆ ಸೇರದ ಅವಳಪ್ಪ.

"ಒಂದ ಶೆಡ್ಡಿನ್ಯಾಗ ದುಡದಾರು. ಎಲ್ಲಾರ್ದೂ ಎದಿ ಒಂದ ನಮೂನಿ ನೋಯ್ತೈತಿ. ಒಬ್ಬಗ ಖರೇ, ಒಬ್ಬಗ ಸುಳ್ಳ. ಇದ್ಯಾವ ನ್ಯಾಯವಾ?"

"ಯಾರಿಗೆ ಯಾವುದು ಅಂತ ನನಗೂ ಗೊತ್ತಿರೂದಿಲ್ಲಪ್ಪಾ" ಎಂದು ಆಕೆ ನಕ್ಕಿದ್ದಳು. ಜನರೂ ನಕ್ಕಿದ್ದರು. "ಹಿತ್ತಲ ಗಿಡ ಮದ್ದಲ್ಲ ಅಂತಾರ. ಅದಕ್ಕ ನಮ್ಮ ಮುಕ್ತಾ ಚೀನಾದ ಗಿಡ ತಂದಾಳ" ಎಂದು ಹುಸೇನಸಾಬ ಚಟಾಕಿ ಹಾರಿಸಿದ್ದ. ಆಮೇಲೆ ಎಲ್ಲರೂ ಚಕಚಕನೆ ಸಹಿ ಹಾಕಿದ್ದರು. ಎಷ್ಟು ಬೇಗ ತಿಳಿದುಕೊಂಡರು ಎಂದು ಆಕೆ ಹಿಗ್ಗಿದ್ದಳು. ಅವರು ತಿಳಿದುಕೊಂಡದ್ದು ಬೇರೆಯೇ ಆಗಿತ್ತು.

ಮುಕ್ತಾ ಫೋನು ಕೈಗೆತ್ತಿಕೊಂಡಳು.

"ಹುಸೇನ್ ಕಾಕಾ, ಒಂದು ಮಾತು ಖರೇ ಹೇಳ್ರಿ. ಗುಳಗಿ ಹೆಂಗ ತಗೋತೀರಿ?"

"ಹೆಂಗಂದ್ರ... ತಂಬಿಗ್ಯಾಗವಾ."

"ಯಾವ ತಂಬಗಿ?"

"ಹಿತ್ತಾಳಿದು. ಬೆಟ್ಟದ ಕೆಳಗ ಕಟ್ಟಿ ಮ್ಯಾಲ ಎಲ್ಲಾರೂ ಕೂಡ್ತೇವಲ್ಲ, ಡಬ್ಬಿ ತೆಗದು ಎಲ್ಲಾರ ಗುಳಗೀನೂ ಬಿಸಿನೀರಿನ ತಂಬಿಗ್ಯಾಗ ಹಾಕ್ತೇವಿ. ಕರಗತಾವ. ಒಬ್ಬೊಬ್ಬರಿಗೆ ಒಂದೊಂದು ಗುಟುಕು. ಖರೇದು ಯಾರ ಪಾಲಿಗೆ ಬಂದೈತೋ ಯಾರಿಗ್ಗೊತ್ತು? ಹಂಚಿ ಉಂಡರ ಹಸಿವಿಲ್ಲ ಅಂತ ನಿಮ್ಮಪ್ಪನ ಹೇಳಿದ. ವಾಸನೀನೂ ತೀರ್ಥದಂಗ ಐತಿ. ತಪ್ಪಾತೇನವಾ?"

ಮುಕ್ತಾ ಕಣ್ಣು ಮುಚ್ಚಿಕೊಂಡಳು. ಐದು ತಿಂಗಳ ಕೆಲಸ ಒಂದು ಹಿತ್ತಾಳೆ ತಂಬಿಗೆಯಲ್ಲಿ ಕರಗಿ ಹೋಗಿತ್ತು. ಸಿಟ್ಟು ಬರಬೇಕಿತ್ತು, ನಗು ಬರುವ ಹಾಗಾಯಿತು. ಅಷ್ಟರಲ್ಲಿ ಹುಸೇನಸಾಬ, ತಪ್ಪು ಮಾಡಿದರೂ ಮೋಸ ಮಾಡಿಲ್ಲ ಎಂದು ತಿಳಿಸುವವನಂತೆ, ಇನ್ನೊಂದು ಮಾತು ಸೇರಿಸಿದ.

"ಹೆಚ್ಚು ಕಮ್ಮಿ ಇಲ್ಲವಾ, ಎಲ್ಲಾರಿಗೂ ಸಮ. ಲೆಕ್ಕಾ ಹಾಕಿ ನಲವತ್ತೈದು ಗುಟುಕು."

"ನೀವು ನಲವತ್ನಾಲ್ಕು ಮಂದಿ ಅಲ್ಲ ಕಾಕಾ?"

"ಹಂಚಾಂವಗ ಒಂದು ಬ್ಯಾಡೇನು?"

ಅಪ್ಪನ ಅಂಗಿಯಿಂದ ಬಂದ ವಾಸನೆ ಮಠದ್ದಲ್ಲ. ನಾಲ್ಕು ತಿಂಗಳು ಮುಟ್ಟದ ಗುಳಿಗೆ ಡಬ್ಬಿ. ಅಡ್ಡಾಡಿದ್ದಕ್ಕೆ ಕಡಿಮೆಯಾದ ನೋವು. ಪರದೆಯ ಮೇಲೆ ನಲವತ್ನಾಲ್ಕು ಎದೆಗಳನ್ನು ಆಕೆ ಹಗಲಿಡೀ ಕಾಯುತ್ತಿದ್ದಳು. ನಲವತ್ತೈದನೆಯದಕ್ಕೆ ಬಿಲ್ಲೆ ಇರಲಿಲ್ಲ.

"ಅಪ್ಪ ಎಲ್ಲಿದ್ದಾನ?"

"ನೀ ಹತ್ತಬ್ಯಾಡ ಅಂದಿ ಅಂತ ನಾವೆಲ್ಲಾ ಕೆಳಗ ಕುಂತೇವಿ. ಫಕೀರಪ್ಪ ಕೇಳಲಿಲ್ಲ. ಆ ಕಟ್ಟಳಿ ಬಿಲ್ಲೆ ಹಚಗೊಂಡವರಿಗೆ, ನನಗಲ್ಲ ಅಂದ. ಒಬ್ಬನ ಮ್ಯಾಲ ಹೋಗ್ಯಾನ."

*

ಬೆಟ್ಟವೆಂದರೆ ದೊಡ್ಡ ಬೆಟ್ಟವೇನಲ್ಲ. ಹುಬ್ಬಳ್ಳಿಯವರು ಅಭಿಮಾನದಿಂದ ಹಾಗೆ ಕರೆಯುವ ಗುಡ್ಡ. ಆದರೆ ಅಂದು ಮುಕ್ತಾಳಿಗೆ ಅದು ಮುಗಿಯಲಿಲ್ಲ. ಮೇಜಿನ ಖಾನೆಯಲ್ಲಿದ್ದ ಒಂದು ಬಿಡಿ ಬಿಲ್ಲೆಯನ್ನು ಕಿಸೆಗೆ ಹಾಕಿಕೊಂಡು, ಅಂಬ್ಯುಲೆನ್ಸಿಗೆ ಹೇಳುವಂತೆ ಯೂಫೆನ್‌ಗೆ ಕೂಗಿ, ಸ್ಕೂಟರು ಹತ್ತಿ ಬಂದಿದ್ದಳು. ದಾರಿಯುದ್ದಕ್ಕೂ ಅಪ್ಪನಿಗೆ ಫೋನು ಹಚ್ಚಿದಳು. ಅಪ್ಪ ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಅವ್ವ ಎತ್ತಿ, "ಯಾಕವಾ, ಏನಾತು?" ಎಂದಳು. ಏನೂ ಇಲ್ಲ ಎಂದು ಇಟ್ಟುಬಿಟ್ಟಳು.

ಕಟ್ಟೆಯ ಮೇಲೆ ಮುದುಕರೆಲ್ಲ ಎದ್ದು ನಿಂತರು. ಅವರ ನಡುವೆ ಬಿಸಿಲಿಗೆ ಹೊಳೆಯುತ್ತ ತಂಬಿಗೆ ಕೂತಿತ್ತು. ಮುಕ್ತಾ ಅದರ ಕಡೆ ನೋಡದೆ ಮೆಟ್ಟಿಲು ಹತ್ತಿದಳು.

ಫಕೀರಪ್ಪ ತುದಿಯಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಊರು ನೋಡುತ್ತಿದ್ದ. ಮಗಳನ್ನು ಕಂಡು ಮುಖ ಅರಳಿತು. "ಏನವಾ, ನೀನೂ ವಾಕಿಂಗ್ ಶುರು ಮಾಡಿದೇನು?"

ಅವನ ಹಣೆಯ ತುಂಬ ಬೆವರು. ತುಟಿಯ ಬಣ್ಣ ಸರಿಯಿರಲಿಲ್ಲ. ಮುಕ್ತಾ ಅವನ ಅಂಗಿಯ ಗುಂಡಿ ಬಿಚ್ಚಿ ಬಿಲ್ಲೆ ಅಂಟಿಸಿ ತನ್ನ ಫೋನು ನೋಡಿದಳು. ಹಸಿವಿನ ಅಂಕಿ ಹದಿನೈದರೊಳಗೆ ಇದ್ದರೆ ಕ್ಷೇಮ, ನಲವತ್ತು ದಾಟಿದರೆ ಅಪಾಯ. ಅಪ್ಪನದು ಅರವತ್ತೆಂಟು.

"ಅಪ್ಪಾ, ಅಳ್ಳಾಡಬ್ಯಾಡ. ಎದಿ ನೋಯ್ತೈತೇನು?"

"ಇಲ್ಲ."

"ಬಿಗಿತ? ಎಡಗೈ ಜೋಮು?"

"ಏನೂ ಇಲ್ಲಂತೀನಿ. ಚಲೋ ಅದೇನಿ. ನಿನ್ನ ಯಂತ್ರ ಕೆಟ್ಟೈತಿ, ಇಲ್ಲಿ ತಾ, ರಿಪೇರಿ ಮಾಡಿ ಕೊಡ್ತೇನಿ."

ಮುಕ್ತಾ ಪರ್ಸಿನಿಂದ ಗುಳಿಗೆ ತೆಗೆದು ಅವನ ನಾಲಿಗೆಯ ಕೆಳಗಿಟ್ಟಳು. ಈ ಸಲ ಅದು ಪಚ್ಚಕರ್ಪೂರದ್ದಲ್ಲ, ಡಾಕ್ಟರು ಬರೆದುಕೊಟ್ಟದ್ದು. ಅರವತ್ತೆಂಟು ಅರವತ್ತಾರಾಯಿತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಬೇರೆ ದನಿಯಲ್ಲಿ ಬಡಿದುಕೊಳ್ಳತೊಡಗಿತು. ಒಂದು ಎದೆ, ಮೂರು ಎದೆ, ಒಂಬತ್ತು ಎದೆ. ನಿಗಾ ಕೋಣೆಯಿಂದ ಯೂಫೆನ್ ಫೋನಿನಲ್ಲಿ ಕೂಗಿದಳು: "ಮುಕ್ತಾ! ಕಾಲನಿಯವರು ಬೆಟ್ಟ ಹತ್ತುತ್ತಿದ್ದಾರೆ. ಎಲ್ಲರ ಗೆರೆಯೂ ಏರುತ್ತಿದೆ!"

ಮುಕ್ತಾ ಬಗ್ಗಿ ನೋಡಿದಳು. ಮೆಟ್ಟಿಲ ತುಂಬ ಬಿಳಿ ಟೊಪ್ಪಿಗೆ, ಬಿಳಿ ತಲೆ. ಎಲ್ಲರ ಮುಂದೆ ಹುಸೇನಸಾಬ. ದೋಸ್ತನಿಗೆ ಏನೋ ಆಗಿದೆ ಎಂದು ಮಗಳ ಮುಖ ನೋಡಿಯೇ ಅವರಿಗೆ ತಿಳಿದಿತ್ತು. ಅವನನ್ನು ಹೊತ್ತು ಇಳಿಸಲು ಬರುತ್ತಿದ್ದರು. ನಲವತ್ನಾಲ್ಕು ಹಸಿದ ಹೃದಯಗಳು, ಒಂದಕ್ಕೂ ನೋವಿಲ್ಲ.

"ನಿಂದರ್ರಿ!" ಎಂದು ಚೀರಿದಳು. "ಕಾಕಾ, ಹತ್ತಬ್ಯಾಡ್ರಿ! ನಿಂದರ್ರಿ!"

ಗಾಳಿ ಅವಳ ದನಿಯನ್ನು ಉಣಕಲ್ ಕೆರೆಯ ಕಡೆ ಒಯ್ದುಬಿಟ್ಟಿತು. ಕೆಳಗಿನವರು ಕೈ ಬೀಸಿ ಇನ್ನಷ್ಟು ಬಿರಬಿರನೆ ಹತ್ತಿದರು. ಓಡಿಹೋಗಿ ತಡೆಯಬೇಕು, ಅಪ್ಪನನ್ನು ಬಿಟ್ಟು ಹೋಗಲಾಗದು. ಆಕೆ ನಿಂತಲ್ಲೇ ನಿಂತಳು. ಇಷ್ಟು ವರ್ಷ ಓದಿದ್ದರಲ್ಲಿ ಒಂದೂ ಆ ಗಳಿಗೆಗೆ ಕೆಲಸಕ್ಕೆ ಬರಲಿಲ್ಲ.

"ಅವರಿಗೇನಾಗೇತಿ?" ಎಂದ ಅಪ್ಪ.

"ನಿನಗ ಆದದ್ದ ಅವರಿಗೂ ಆಗೇತಿ! ಮದ್ದು ನೋವು ಮುಚ್ಚೇತಪ್ಪಾ, ರೋಗ ಹಂಗ ಐತಿ. ಹತ್ತಿದ್ರ ಸಾಯ್ತಾರ!"

ಫಕೀರಪ್ಪ ಮಗಳ ಮುಖ ನೋಡಿದ. ಮೂವತ್ತಾರು ವರ್ಷ ಯಂತ್ರಗಳ ನಡುವೆ ಬದುಕಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಸದ್ದು ಮಾಡುವ ಯಂತ್ರಕ್ಕಿಂತ ಸದ್ದು ನಿಲ್ಲಿಸಿದ ಯಂತ್ರ ಕೆಟ್ಟದ್ದು. ಎರಡು ಬೆರಳು ಬಾಯಲ್ಲಿಟ್ಟ.

"ಬ್ಯಾಡಪ್ಪಾ, ಉಸರು ಹಿಡೀಬ್ಯಾಡ..."

ಶಿಳ್ಳೆ ಹೊರಟಿತ್ತು. ಉದ್ದನೆಯದು. ಗುಡ್ಡದ ಈ ಮೈಯಿಂದ ಆ ಮೈಗೆ ಹಾಯ್ದು ಹೋಯಿತು. ಮೆಟ್ಟಿಲ ಮೇಲೆ ನಲವತ್ನಾಲ್ಕು ಜನ ಎತ್ತಿದ ಕಾಲನ್ನು ಎತ್ತಿದಲ್ಲೇ ನಿಲ್ಲಿಸಿ, ಒಬ್ಬೊಬ್ಬರಾಗಿ ಕೂತರು. ಮುಕ್ತಾಳ ಫೋನಿನ ಬಡಿತ ನಿಧಾನವಾಯಿತು. ಅಪ್ಪನ ಅಂಕಿ ಮಾತ್ರ ಎಂಬತ್ತು ದಾಟಿತ್ತು. ಆತ ಬೆರಳು ಬಾಯಿಂದ ತೆಗೆದು, ಏನೋ ಹೇಳಹೋಗಿ, ಮಗಳ ಹೆಗಲ ಮೇಲೆ ಒರಗಿದ.

ಕೂತವರ ನಡುವೆ ದಾರಿ ಮಾಡಿಕೊಂಡು ಸ್ಟ್ರೆಚರು ಮೇಲೆ ಬರಲು ಆರು ನಿಮಿಷ ಹಿಡಿಯಿತು.

*

ಫಕೀರಪ್ಪ ಬದುಕಿದ. ಮುಚ್ಚಿಹೋಗಿದ್ದ ಎರಡು ರಕ್ತನಾಳಗಳಿಗೆ ಸ್ಟೆಂಟು ಹಾಕಿದ ಡಾಕ್ಟರು, "ಇನ್ನರ್ಧ ಗಂಟೆ ತಡವಾಗಿದ್ದರೆ ನನ್ನ ಹತ್ತಿರ ತರುವುದೇ ಬೇಡವಾಗಿತ್ತು" ಎಂದರು. ಶಾಂತವ್ವ ಮೂರು ದಿನ ಗಂಡನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡಿದ ಮೊದಲ ಮಾತು, "ತೀರ್ಥ ಕುಡೀತಿದ್ದಂತ, ತೀರ್ಥ!"

ಮುಕ್ತಾಳ ಮುಂದೆ ಇನ್ನೊಂದು ಕೆಲಸ ಉಳಿದಿತ್ತು. ತಂಬಿಗೆಯ ಸುದ್ದಿ ಗೊತ್ತಿದ್ದದ್ದು ಆಕೆಗೆ, ಯೂಫೆನ್‌ಗೆ, ಕಾಲನಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಮೊಹರು ಒಡೆಯುತ್ತಿತ್ತು. ಖರೆ ಗುಳಿಗೆಗೂ ಸುಳ್ಳು ಗುಳಿಗೆಗೂ ವ್ಯತ್ಯಾಸವಿಲ್ಲ ಎಂಬ ಉತ್ತರ ಬರುತ್ತಿತ್ತು. ಅವಳ ಹೆಸರೂ ಉಳಿಯುತ್ತಿತ್ತು. ಆದರೆ ಅದು ಮದ್ದಿನ ಬಗ್ಗೆ ಆಡಿದ ನೂರಾ ಒಂದನೆಯ ಸುಳ್ಳಾಗುತ್ತಿತ್ತು. ಮೇಲ್ವಿಚಾರಣಾ ಸಮಿತಿಗೆ ಆಕೆ ಒಂದೇ ಪುಟದ ಪತ್ರ ಬರೆದಳು: ನಲವತ್ನಾಲ್ಕು ಜನರ ಮಾಹಿತಿಯನ್ನು ತಳ್ಳಿಹಾಕಿರಿ. ಹಂಚಿಕೊಳ್ಳಲು ಹೇಳಿಕೊಟ್ಟವನು ನನ್ನ ತಂದೆ. ಹಂಚಿಕೊಳ್ಳಬಾರದೇಕೆ ಎಂದು ತಿಳಿಸಿ ಹೇಳದವಳು ನಾನು.

ಯೂಫೆನ್ ಪತ್ರ ಓದಿ ಮಡಿಚಿಟ್ಟಳು. "ನಮ್ಮಜ್ಜಿಗೂ ಎದೆನೋವಿತ್ತು" ಎಂದಳು ಆಮೇಲೆ. "ಸೋರೆಬುರುಡೆಯಂಥ ಸಣ್ಣ ಶೀಸೆಯಲ್ಲಿ ಇದೇ ಗುಳಿಗೆ ಇಟ್ಟುಕೊಂಡಿದ್ದಳು. ಪಕ್ಕದ ಮನೆಯವಳಿಗೆ ನೋವು ಬಂದಾಗ ಶೀಸೆಯನ್ನೇ ಕೊಟ್ಟುಬಿಟ್ಟಳು. ಅದೇ ವಾರ ಅಜ್ಜಿ ಹೋದಳು. ಗುಳಿಗೆ ಇದ್ದಿದ್ದರೆ ಬದುಕುತ್ತಿದ್ದಳೇ ಎಂದು ಅಮ್ಮ ಸಾಯುವವರೆಗೂ ಕೇಳುತ್ತಿದ್ದಳು. ನಾನು ಡಾಕ್ಟರಾದದ್ದು ಅದಕ್ಕೇ. ಇನ್ನೂ ನನಗೆ ಉತ್ತರ ಗೊತ್ತಿಲ್ಲ."

ಉಳಿದ ಎಪ್ಪತ್ತಾರು ಜನರ ಪಟ್ಟಿಯ ಮೊಹರು ಒಡೆಯಿತು. ಖರೆ ಗುಳಿಗೆ ತಿಂದವರಲ್ಲಿ ನೋವು ಕಡಿಮೆ. ಹಸಿವೂ ತುಸು ಕಡಿಮೆ. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ಅದು ಮದ್ದಿನ ಗುಣವೋ ಬರೀ ಅದೃಷ್ಟವೋ ಎಂದು ಬಿಡಿಸಿ ಹೇಳುವಂತಿರಲಿಲ್ಲ. ಕಾಲನಿಯಲ್ಲಿ ಹಸಿವು ಇಳಿಯದೆ ನೋವಷ್ಟೇ ಇಳಿದದ್ದು ಅರ್ಧ ಮದ್ದಿನಿಂದಲೋ, ಒಂದೇ ತಂಬಿಗೆಯಿಂದ ಕುಡಿದ ನೆಮ್ಮದಿಯಿಂದಲೋ? ಅದೂ ತಿಳಿಯಲಿಲ್ಲ. ಇನ್ನೊಮ್ಮೆ, ಸರಿಯಾಗಿ, ಮಾಡಲೇಬೇಕಿತ್ತು. ಸಮಿತಿ ಯೂಫೆನ್‌ಳನ್ನು ಮುಂದಾಳು ಮಾಡಿತು. ಮುಕ್ತಾಳಿಗೆ ಜನರಿಗೆ ತಿಳಿಸಿ ಹೇಳುವ ಕೆಲಸ ಮಾತ್ರ ಉಳಿಯಿತು. ಆಕೆಗೆ ಬೇಕಾಗಿದ್ದದ್ದೂ ಅದೇ.

ಮೂರು ತಿಂಗಳ ನಂತರ ಮತ್ತೆ ಅದೇ ಸಮುದಾಯ ಭವನ. ಮುಕ್ತಾ ಈ ಸಲ ಮುಷ್ಟಿ ಚಾಚಲಿಲ್ಲ. ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತಳು. ಎಲ್ಲರ ಬಿಲ್ಲೆಯೂ ಹಗಲು ರಾತ್ರಿ ನಿಗಾದಲ್ಲಿರುತ್ತದೆ, ಅಪಾಯ ಕಂಡರೆ ನೋವಿರಲಿ ಬಿಡಲಿ ಅಂಬ್ಯುಲೆನ್ಸ್ ಬರುತ್ತದೆ ಎಂದು ಹೇಳಿದಳು. ಡಾಕ್ಟರು ಬರೆದುಕೊಟ್ಟ ಉಳಿದ ಮದ್ದನ್ನು ಯಾರೂ ಬಿಡಬಾರದು ಎಂದಳು. ಆಮೇಲೆ ಅಪ್ಪ ಎದ್ದುನಿಂತ. ಅವನ ಎದೆಯ ಮೇಲೂ ಈಗ ಬಿಲ್ಲೆಯಿತ್ತು, ಗುಳಿಗೆ ಮಾತ್ರ ಇರಲಿಲ್ಲ.

"ಸುಳ್ಳ ಗುಳಗಿ ಬಂದಾಂವ ಸತ್ತರ?"

ಎಲ್ಲರೂ ಮುಕ್ತಾಳ ಕಡೆ ತಿರುಗಿದರು.

"ಖರೇ ಗುಳಗಿ ತಿಂದಾಂವನೂ ಸಾಯಬಹುದಪ್ಪಾ" ಎಂದಳು ಮುಕ್ತಾ. "ಇದು ಕಾಯ್ತೈತೋ ಕೊಲ್ತೈತೋ ಯಾರಿಗೂ ಗೊತ್ತಿಲ್ಲ. ನೀವು ಹಂಚಗೊಂಡ್ರ ಎಂದೂ ಗೊತ್ತಾಗೂದಿಲ್ಲ. ನೀವು ಒಬ್ಬೊಬ್ಬರ ತಿಂದ್ರ ನಾಳೆ ಊರೂರಾಗಿನ ಮಂದಿಗೆಲ್ಲಾ ಗೊತ್ತಾಗತೈತಿ. ಅದನ್ನ ಹಂಚರಿ."

ಫಕೀರಪ್ಪ ಸಾವಕಾಶ ಕೂತ. ಸಹಿಗಳು ಈ ಸಲ ನಿಧಾನವಾಗಿ ಬಿದ್ದವು. ಆರು ಜನ ಒಲ್ಲೆವೆಂದು ಎದ್ದು ಹೋದರು. ಮುಕ್ತಾ ಅವರನ್ನು ಬಾಗಿಲತನಕ ಕಳಿಸಿಬಂದಳು.

ಮೊದಲ ಬೆಳಗ್ಗೆ ಬೆಟ್ಟದ ಕೆಳಗಿನ ಕಟ್ಟೆಯ ಹತ್ತಿರ ಆಕೆಯೂ ಹೋದಳು. ಮೂವತ್ತೆಂಟು ಡಬ್ಬಿಗಳು ತೆರೆದವು. ಮೂವತ್ತೆಂಟು ಅಂಗೈಗಳಲ್ಲಿ ಹತ್ತತ್ತು ಕಾಳು. ಪಚ್ಚಕರ್ಪೂರದ ವಾಸನೆ ಹಬ್ಬಿತು. ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಎದುರಿಗೆ ಕೂತವನ ಅಂಗೈ ನೋಡುತ್ತ, ತಮ್ಮ ಅಂಗೈ ನೋಡುತ್ತ ಸುಮ್ಮನೆ ಕೂತರು. ಹಸಿದವನ ಎದುರು ಒಬ್ಬನೇ ಉಣ್ಣುವುದನ್ನು ಆ ಜನ ತಮ್ಮ ಹುಟ್ಟಿನಲ್ಲೇ ಮಾಡಿರಲಿಲ್ಲ.

ಫಕೀರಪ್ಪ ಬರಿದಾದ ತಂಬಿಗೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ಎರಡು ಬೆರಳು ಬಾಯಲ್ಲಿಟ್ಟು, ಮಗಳ ಕಡೆ ಒಮ್ಮೆ ನೋಡಿ, ಗಿಡ್ಡ ಶಿಳ್ಳೆ ಹೊಡೆದ.

ಹುಸೇನಸಾಬ ಮೊದಲು ಎದ್ದ. ಗೆಳೆಯರಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ತಿರುವಿ, ಕಳ್ಳನ ಹಾಗೆ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ. ಒಬ್ಬೊಬ್ಬರಾಗಿ ಉಳಿದವರೂ ಎದ್ದು ಬೆನ್ನು ತಿರುವಿದರು.